ಸೀಗಡಿ, ಏಡಿಗಳ ಹಳೆಯ ಡೇಟಾದಲ್ಲಿ ಹೊಸ ವೈರಸ್ ಹುಡುಕುವುದು ಹೇಗೆ?

ಸೀಗಡಿಯ ಮೈಯಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಸಂಶೋಧಕರು ಅದರ ಕಿವಿರಿನ ಒಂದು ಚೂರನ್ನು ಅರೆದು, ಆರ್‌ಎನ್‌ಎ ತೆಗೆದು, ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಡುತ್ತಾರೆ. ಅವರಿಗೆ ಬೇಕಿರುವುದು ಸೀಗಡಿಯ ಜೀನ್ ಮಾತ್ರ. ಯಂತ್ರಕ್ಕೆ ಆ ಭೇದ ಗೊತ್ತಿಲ್ಲ. ಕೊಳವೆಯಲ್ಲಿ ಏನಿದೆಯೋ ಅದನ್ನೆಲ್ಲ ಓದಿಬಿಡುತ್ತದೆ. ಸೀಗಡಿಯದ್ದು, ಅದು ತಿಂದ ಪಾಚಿಯದ್ದು, ಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾದ್ದು, ಜೊತೆಗೆ ಜೀವಕೋಶದೊಳಗೆ ಸದ್ದಿಲ್ಲದೆ ಬೆಳೆಯುತ್ತಿದ್ದ ವೈರಸ್‌ನದ್ದು. ಪ್ರಬಂಧ ಹೊರಬರುವ ಹೊತ್ತಿಗೆ ಈ ಇಡೀ ಡೇಟಾ ಸಾರ್ವಜನಿಕ ಭಂಡಾರಕ್ಕೆ ಸೇರುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ವೈರಸ್‌ನ ಭಾಗವನ್ನು ಎಷ್ಟೋ ಸಲ ಯಾರೂ ನೋಡಿಯೇ ಇರುವುದಿಲ್ಲ.

ಆ ಭಾಗವನ್ನು ನೋಡುವುದು ಹೇಗೆ ಅನ್ನುವುದೇ ಈ ಲೇಖನ. ಜೀವಶಾಸ್ತ್ರದ ಮೂಲ ಪಾಠ ಗೊತ್ತಿದ್ದು, ಕಂಪ್ಯೂಟರ್‌ನಲ್ಲಿ ನಾಲ್ಕು ಆಜ್ಞೆ ಟೈಪ್ ಮಾಡಲು ಹೆದರದಿದ್ದರೆ ಸಾಕು, ಶುರು ಮಾಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವೈರಸ್‌ನಂತೆ ಕಾಣುವ ಸೀಕ್ವೆನ್ಸ್ ಒಂದು ಮಧ್ಯಾಹ್ನದಲ್ಲಿ ಸಿಕ್ಕಿಬಿಡಬಹುದು. ಅದು ನಿಜಕ್ಕೂ ವೈರಸ್ಸೇ, ಹೊಸದೇ, ಆ ಸೀಗಡಿಯದ್ದೇ ಎಂದು ಗಟ್ಟಿಯಾಗಿ ಹೇಳಲು ವಾರಗಳು ಬೇಕು. ಹಾಗಾಗಿ ಇಲ್ಲಿ ಹುಡುಕುವುದಕ್ಕಿಂತ ಒರೆಗೆ ಹಚ್ಚುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಇನ್ನೂ ಏನಾದರೂ ಉಳಿದಿದೆಯಾ?

ಖಂಡಿತ ಉಳಿದಿದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೆನ್ನೆಲುಬಿಲ್ಲದ 220ಕ್ಕೂ ಹೆಚ್ಚು ಬಗೆಯ ಪ್ರಾಣಿಗಳಿಂದ 1,445 ಆರ್‌ಎನ್‌ಎ ವೈರಸ್‌ಗಳನ್ನು ಹೊರತೆಗೆಯಿತು. ಅವುಗಳಲ್ಲಿ ಸೀಗಡಿ, ಏಡಿಗಳ ವೈರಸ್‌ಗಳೂ ಇದ್ದವು. 2022ರಲ್ಲಿ ಸೆರಾಟಸ್ ಎಂಬ ಯೋಜನೆ ಒಂದೇ ಒಂದು ಪ್ರಾಣಿಯನ್ನೂ ಮುಟ್ಟದೆ, ಆಗಲೇ ಸಾರ್ವಜನಿಕವಾಗಿದ್ದ ಸುಮಾರು 57 ಲಕ್ಷ ಡೇಟಾ ಕಡತಗಳನ್ನು ಜಾಲಾಡಿ, 1.3 ಲಕ್ಷಕ್ಕೂ ಹೆಚ್ಚು ಹೊಸ ಆರ್‌ಎನ್‌ಎ ವೈರಸ್‌ಗಳ ಗುರುತು ಹಚ್ಚಿತು.

ಎಲ್ಲ ಮುಗಿದೇ ಹೋಯ್ತಲ್ವಾ ಅನ್ನಿಸಬಹುದು. ಇಲ್ಲ. ಸೆರಾಟಸ್ ಹುಡುಕಿದ್ದು ವೈರಸ್‌ನ ಒಂದೇ ಒಂದು ಪ್ರೋಟೀನಿನ ಸಣ್ಣ ಭಾಗವನ್ನು. ಅಂದರೆ ಸಿಕ್ಕಿದ್ದು ಹೆಜ್ಜೆ ಗುರುತು. ಅವುಗಳಲ್ಲಿ ಎಷ್ಟೋ ವೈರಸ್‌ಗಳ ಪೂರ್ತಿ ಜೀನೋಮ್ ಜೋಡಿಸಿ, ಅದು ಯಾವ ಪ್ರಾಣಿಯದ್ದು ಎಂದು ತೀರ್ಮಾನಿಸಿ, ಬಂಧು ಬಳಗದಲ್ಲಿ ಕೂರಿಸುವ ಕೆಲಸ ಬಾಕಿ ಇದೆ. ಅದರ ಮೇಲೆ ಹೊಸ ಡೇಟಾ ಬರುತ್ತಲೇ ಇದೆ.

ಕ್ರಸ್ಟೇಶಿಯನ್ ಬಳಗವೂ ಸಣ್ಣದಲ್ಲ. ಸೀಗಡಿ, ಏಡಿ, ಲಾಬ್‌ಸ್ಟರ್, ಕ್ರೇಫಿಶ್ ಮಾತ್ರವಲ್ಲ. ಕೆರೆ ನೀರಿನ ಡಾಫ್ನಿಯಾ, ಉಪ್ಪು ನೀರಿನ ಆರ್ಟೀಮಿಯಾ, ಕ್ರಿಲ್, ಕೋಪೆಪಾಡ್, ಬಂಡೆಗೆ ಅಂಟುವ ಬಾರ್ನಕಲ್, ಆಂಫಿಪಾಡ್ ಎಲ್ಲವೂ ಇದರಲ್ಲಿ ಬರುತ್ತವೆ. ಇಲ್ಲಿಯವರೆಗೆ ಗಮನ ಹೋಗಿರುವುದು ಬಹುಪಾಲು ಸಾಕಣೆ ಸೀಗಡಿಯ ಕಡೆಗೆ. ಕಾರಣ ನಷ್ಟ. ಬಿಳಿಚುಕ್ಕೆ ರೋಗದ ವೈರಸ್ 1990ರ ದಶಕದ ಮೊದಲ ವರ್ಷಗಳಲ್ಲಿ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡು ಸೀಗಡಿ ಕೊಳಗಳನ್ನೇ ಖಾಲಿ ಮಾಡಿತು. ಟೌರಾ ವೈರಸ್ 1992ರಲ್ಲಿ ಈಕ್ವೆಡಾರ್‌ನಲ್ಲಿ ಗೊತ್ತಾಯಿತು. ಹಳದಿ ತಲೆ ವೈರಸ್ ಥಾಯ್ಲೆಂಡ್‌ನಲ್ಲಿ ಗೊತ್ತಾಯಿತು. ದುಡ್ಡು ತರದ ಜೀವಿಗಳ ವೈರಸ್‌ಗಳ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ. ನನ್ನನ್ನು ಕೇಳಿದರೆ ಹುಡುಕಾಟ ಶುರುವಾಗಬೇಕಾದ್ದು ಅಲ್ಲಿಂದಲೇ.

ಡೌನ್‌ಲೋಡ್ ಇಲ್ಲದೆ ಮೊದಲ ಹುಡುಕಾಟ

ಬ್ರೌಸರ್ ಒಂದಿದ್ದರೆ ಇದನ್ನು ಇವತ್ತೇ ಮಾಡಬಹುದು. ಅಮೆರಿಕದ ಎನ್‌ಸಿಬಿಐ ತಾಣದಲ್ಲಿ ಬ್ಲಾಸ್ಟ್ ಎಂಬ ಹೋಲಿಕೆ ಸಾಧನ ಇದೆ. ಅದರಲ್ಲಿ ಟಿಬ್ಲಾಸ್ಟ್‌ಎನ್ ಎಂಬ ಬಗೆಯನ್ನು ಆರಿಸಿ. ನೀವು ಕೊಟ್ಟ ಪ್ರೋಟೀನನ್ನು ಅದು ಡೇಟಾಬೇಸಿನ ಎಲ್ಲ ಸೀಕ್ವೆನ್ಸ್‌ಗಳ ಆರೂ ಚೌಕಟ್ಟಿನ (ಎರಡೂ ದಿಕ್ಕಿನಲ್ಲಿ, ಮೂರು ಮೂರು ಜಾಗದಿಂದ ಶುರು ಮಾಡಿ ಓದುವ) ಅನುವಾದದ ಜೊತೆ ಹೋಲಿಸಿ ನೋಡುತ್ತದೆ. ಡೇಟಾಬೇಸ್ ಜಾಗದಲ್ಲಿ ಟಿಎಸ್‌ಎ ಆರಿಸಿ. ಬೇರೆಯವರು ಆಗಲೇ ಜೋಡಿಸಿಟ್ಟ ಟ್ರಾನ್ಸ್‌ಕ್ರಿಪ್ಟೋಮ್‌ಗಳ (ಒಂದು ಮಾದರಿಯ ಎಲ್ಲ ಆರ್‌ಎನ್‌ಎ ಸೀಕ್ವೆನ್ಸ್‌ಗಳ) ಸಂಗ್ರಹ ಅದು. ಜೀವಿಯ ಹೆಸರಿನ ಜಾಗದಲ್ಲಿ ಕ್ರಸ್ಟೇಶಿಯ ಎಂದು ಇಂಗ್ಲಿಷ್‌ನಲ್ಲಿ ಬರೆಯಿರಿ. ಅದರ ಸಂಖ್ಯೆ 6657.

ಹುಡುಕಲು ಯಾವ ಪ್ರೋಟೀನ್ ಕೊಡಬೇಕು? ಆರ್‌ಎನ್‌ಎ ವೈರಸ್ ಆದರೆ ಒಂದೇ ಉತ್ತರ: ಆರ್‌ಡಿಆರ್‌ಪಿ. ಆರ್‌ಎನ್‌ಎಯಿಂದಲೇ ಆರ್‌ಎನ್‌ಎ ನಕಲು ಮಾಡುವ ಕಿಣ್ವ ಇದು. ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಆರ್‌ಎನ್‌ಎ ವೈರಸ್‌ಗಳೆಲ್ಲ ಇದನ್ನು ಹೊತ್ತಿರುತ್ತವೆ, ರೆಟ್ರೋವೈರಸ್‌ಗಳನ್ನು ಬಿಟ್ಟು. ಸೀಗಡಿಯ ಸ್ವಂತ ಜೀನ್‌ಗಳಲ್ಲಿ ಇದನ್ನು ಹೋಲುವಂಥದ್ದು ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೇ ಇದು ಒಳ್ಳೆಯ ಗಾಳ. ಒಂದೇ ಗಾಳ ಸಾಲದು. ಟೌರಾ ವೈರಸ್‌ನದ್ದು ಒಂದು, ಹಳದಿ ತಲೆ ವೈರಸ್‌ನದ್ದು ಒಂದು, ಸೀಗಡಿಯ ಸ್ನಾಯು ಕೊಳೆಸುವ ಐಎಂಎನ್‌ವಿ ವೈರಸ್‌ನದ್ದು ಒಂದು, ನೋಡಾವೈರಸ್, ಬುನ್ಯಾವೈರಸ್, ರಾಬ್ಡೋವೈರಸ್, ಫ್ಲೇವಿವೈರಸ್ ಗುಂಪುಗಳಿಂದ ಒಂದೊಂದು, ಹೀಗೆ ಎಂಟು ಹತ್ತು ಇಟ್ಟುಕೊಳ್ಳಿ. ಒಂದು ಗುಂಪಿನ ಗಾಳಕ್ಕೆ ಇನ್ನೊಂದು ಗುಂಪು ಬೀಳುವುದಿಲ್ಲ.

ಇಷ್ಟರಿಂದಲೇ ಒಳ್ಳೆಯ ಕೆಲಸ ಆಗಿದೆ. 2019ರಲ್ಲಿ ಬಂದ ಒಂದು ಅಧ್ಯಯನ ಸಾರ್ವಜನಿಕ ಟ್ರಾನ್ಸ್‌ಕ್ರಿಪ್ಟೋಮ್‌ಗಳಲ್ಲಿ ಕ್ರಸ್ಟೇಶಿಯನ್‌ಗಳ ಫ್ಲೇವಿವೈರಸ್‌ಗಳನ್ನು ಪತ್ತೆ ಮಾಡಿತು. ಡೆಂಗ್ಯೂ ವೈರಸ್‌ನ ದೂರದ ನೆಂಟರು ನೀರಿನ ಸಣ್ಣ ಜೀವಿಗಳಲ್ಲಿ ಇದ್ದಾರೆ ಎಂದು ಗೊತ್ತಾಗಿದ್ದು ಹೀಗೆ, ಕುಳಿತಲ್ಲೇ.

ಯಾವ ಡೇಟಾ ಇಳಿಸಿಕೊಳ್ಳಬೇಕು?

ಜೋಡಿಸಿಟ್ಟದ್ದು ಸ್ವಲ್ಪ ಮಾತ್ರ. ಬಹುಪಾಲು ಡೇಟಾ ಇರುವುದು ಕಚ್ಚಾ ರೂಪದಲ್ಲಿ, ಎಸ್‌ಆರ್‌ಎ ಎಂಬ ಭಂಡಾರದಲ್ಲಿ. ಅದನ್ನೇ ಯುರೋಪಿನ ಇಎನ್‌ಎ ಮತ್ತು ಜಪಾನಿನ ಡಿಡಿಬಿಜೆ ಕೂಡ ಇಟ್ಟುಕೊಂಡಿವೆ. ಮೂವರೂ ಪರಸ್ಪರ ಹಂಚಿಕೊಳ್ಳುತ್ತಾರೆ, ಹಾಗಾಗಿ ಎಲ್ಲಿಂದ ಇಳಿಸಿದರೂ ಒಂದೇ. ನನಗೆ ಇಎನ್‌ಎಯಿಂದ ನೇರವಾಗಿ ಫಾಸ್ಟ್‌ಕ್ಯೂ ಕಡತ (ಕಚ್ಚಾ ಸೀಕ್ವೆನ್ಸ್ ಇರುವ ಕಡತ) ಇಳಿಸುವುದು ಸುಲಭ ಅನ್ನಿಸುತ್ತದೆ. ಎಸ್‌ಆರ್‌ಎಯಿಂದ ತಂದರೆ ಆಮೇಲೆ ಅದನ್ನು ಬಿಚ್ಚುವ ಕೆಲಸ ಒಂದು ಇರುತ್ತದೆ.

ಪಟ್ಟಿ ನೋಡಿ ಕಂಗಾಲಾಗಬೇಡಿ. ಹೀಗೆ ಸೋಸಿ. ಆರ್‌ಎನ್‌ಎ ಸೀಕ್ (ಆರ್‌ಎನ್‌ಎ ಓದಿದ ಡೇಟಾ) ಇರಲಿ. ಎರಡೂ ತುದಿಯಿಂದ ಓದಿದ ಜೋಡಿ ರೀಡ್‌ಗಳಿರಲಿ (ರೀಡ್ ಅಂದರೆ ಯಂತ್ರ ಓದಿದ ಒಂದು ಚಿಕ್ಕ ತುಣುಕು). ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಸಾಕಿದ ಜೀವಿಗಿಂತ ಹೊರಗೆ ಹಿಡಿದ ಜೀವಿ ಮೇಲು. ಒಂದು ಅಂಗಾಂಶ ಮಾತ್ರ ಇದ್ದರೆ ಕಿವಿರು, ಹೆಪಟೋಪ್ಯಾಂಕ್ರಿಯಾಸ್ (ಜೀರ್ಣಕ್ರಿಯೆಯ ಗ್ರಂಥಿ), ರಕ್ತಕಣಗಳ ಮಾದರಿ ಆರಿಸಿ. ಇಡೀ ಮೈ ಅರೆದ ಮಾದರಿಯಲ್ಲಿ ವೈರಸ್ ಸಿಗುವ ಸಾಧ್ಯತೆ ಹೆಚ್ಚು. ಆದರೆ ಅದು ಹೊಟ್ಟೆಯೊಳಗಿನ ಊಟದ್ದೋ ಪ್ರಾಣಿಯದ್ದೋ ಎಂಬ ಗೊಂದಲವೂ ಅಷ್ಟೇ ಹೆಚ್ಚು.

ಇನ್ನೊಂದು ಕಾಲಂ ಅನ್ನು ತುಂಬಾ ಜನ ನೋಡುವುದೇ ಇಲ್ಲ. ಆರ್‌ಎನ್‌ಎಯನ್ನು ಹೇಗೆ ಆರಿಸಿದರು ಎಂಬುದು. ಪಾಲಿ-ಎ ಬಾಲ (ತುದಿಯಲ್ಲಿ ಸಾಲಾಗಿ ಬರುವ ಎ ಬೇಸ್‌ಗಳು) ಇರುವ ಆರ್‌ಎನ್‌ಎಯನ್ನು ಮಾತ್ರ ಹಿಡಿದಿದ್ದರೆ, ಬಾಲವಿಲ್ಲದ ವೈರಸ್‌ಗಳು ಬಹುಪಾಲು ತೊಳೆದು ಹೋಗಿರುತ್ತವೆ. ಟೌರಾ ತರಹದ ಬಾಲ ಇರುವವು ಚೆನ್ನಾಗಿ ಉಳಿದಿರುತ್ತವೆ. ಅದರ ಬದಲು ರೈಬೋಸೋಮಿನ ಆರ್‌ಎನ್‌ಎಯನ್ನು ಮಾತ್ರ ಕಳೆದು ಉಳಿದದ್ದೆಲ್ಲ ಇಟ್ಟುಕೊಂಡಿದ್ದರೆ ಅದು ನಮ್ಮ ಪಾಲಿಗೆ ಹಬ್ಬ. ಪಾಲಿ-ಎ ಡೇಟಾದಲ್ಲಿ ಬಾಲವಿಲ್ಲದ ರಿಯೋವೈರಸ್ ಸಿಗಲಿಲ್ಲ ಅಂದರೆ ಆ ಪ್ರಾಣಿಯಲ್ಲಿ ಅದು ಇಲ್ಲ ಎಂದು ಅರ್ಥವಲ್ಲ.

ಡಿಎನ್‌ಎ ವೈರಸ್ ಹುಡುಕುವ ಆಸೆ ಇದ್ದರೆ ಸ್ವಲ್ಪ ತಡೆಯಿರಿ. ಬಿಳಿಚುಕ್ಕೆ ವೈರಸ್‌ನ ಜೀನೋಮ್ ಸುಮಾರು 3 ಲಕ್ಷ ಬೇಸ್ ಉದ್ದ. ಆರ್‌ಎನ್‌ಎ ಡೇಟಾದಲ್ಲಿ ಅದರ ಒಂದೊಂದು ಜೀನ್ ಚೂರು ಚೂರಾಗಿ ಸಿಗುತ್ತದೆ, ಜೋಡಿಸಿ ಒಂದು ಮಾಡುವುದು ಕಷ್ಟ. ಮೊದಲು ಆರ್‌ಎನ್‌ಎ ವೈರಸ್‌ಗಳಲ್ಲಿ ಕೈ ಪಳಗಲಿ.

ಇಳಿಸಿ, ತೊಳೆದು, ಜೋಡಿಸುವುದು

ಈ ಭಾಗ ಯಾಂತ್ರಿಕ. ಫಾಸ್ಟ್‌ಪಿ ಎಂಬ ಸಾಧನ ರೀಡ್‌ಗಳ ತುದಿಯ ಅಡಾಪ್ಟರ್ (ಸೀಕ್ವೆನ್ಸಿಂಗ್‌ಗೆಂದು ಅಂಟಿಸಿದ ಕೃತಕ ತುಣುಕು) ಮತ್ತು ಕಳಪೆ ಬೇಸ್‌ಗಳನ್ನು ಕತ್ತರಿಸುತ್ತದೆ. ಆಮೇಲೆ ಜೋಡಣೆ. ಮೆಗಾಹಿಟ್ ಕಡಿಮೆ ಮೆಮರಿಯಲ್ಲಿ ಬೇಗ ಮುಗಿಸುತ್ತದೆ. ಟ್ರಿನಿಟಿ ಹಳೆಯ ನಂಬಿಕಸ್ಥ, ಆದರೆ ಪ್ರತಿ 10 ಲಕ್ಷ ಜೋಡಿ ರೀಡ್‌ಗೆ ಸುಮಾರು 1 ಜಿಬಿ ಮೆಮರಿ ಕೇಳುತ್ತದೆ. ಆರ್‌ಎನ್‌ಎ ಸ್ಪೇಡ್ಸ್ ಕೂಡ ಚೆನ್ನಾಗಿದೆ. ಸಾಮಾನ್ಯ ಲ್ಯಾಪ್‌ಟಾಪ್ ಇದ್ದರೆ ಮೆಗಾಹಿಟ್‌ನಿಂದ ಶುರು ಮಾಡಿ. ಅದೂ ಸಾಲದಿದ್ದರೆ ಗ್ಯಾಲಕ್ಸಿ ಎಂಬ ಉಚಿತ ಜಾಲತಾಣ ಇದೆ. ಖಾತೆ ತೆರೆದು ಇದೇ ಸಾಧನಗಳನ್ನು ಅವರ ಕಂಪ್ಯೂಟರಿನಲ್ಲೇ ಓಡಿಸಬಹುದು.

ಆತಿಥೇಯ ಪ್ರಾಣಿಯ ಜೀನೋಮ್‌ಗೆ ಹೊಂದುವ ರೀಡ್‌ಗಳನ್ನು ಮೊದಲೇ ಕಳೆದುಬಿಡಿ ಎಂದು ಕೆಲವರು ಹೇಳುತ್ತಾರೆ. ಕ್ರಸ್ಟೇಶಿಯನ್‌ಗಳಲ್ಲಿ ನಾನು ಹಾಗೆ ಮಾಡುವುದಿಲ್ಲ. ಬಹಳಷ್ಟು ಪ್ರಭೇದಗಳಿಗೆ ಒಳ್ಳೆಯ ಜೀನೋಮ್ ಇಲ್ಲ. ಇದ್ದರೂ ಅದರೊಳಗೇ ವೈರಸ್‌ನ ತುಣುಕುಗಳು ಸೇರಿಕೊಂಡಿರಬಹುದು. ಆಗ ನಿಮಗೆ ಬೇಕಾದ ರೀಡ್‌ಗಳೇ ಕಸದ ಬುಟ್ಟಿಗೆ ಹೋಗುತ್ತವೆ.

ಜೋಡಣೆ ಮುಗಿದ ಮೇಲೆ ಸಿಗುವುದು ಕಾಂಟಿಗ್‌ಗಳು. ಚಿಕ್ಕ ರೀಡ್‌ಗಳನ್ನು ಒಂದರ ಮೇಲೊಂದು ಹೊಂದಿಸಿ ಮಾಡಿದ ಉದ್ದ ತುಣುಕುಗಳು. ಒಂದು ಮಾದರಿಯಲ್ಲಿ ಲಕ್ಷಗಟ್ಟಲೆ ಇರಬಹುದು. 1,000 ಬೇಸ್‌ಗಿಂತ ಚಿಕ್ಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಜರಡಿ ಹಿಡಿಯುವುದು

ಈಗ ಡೈಮಂಡ್ ಎಂಬ ಸಾಧನ ಬರುತ್ತದೆ. ಬ್ಲಾಸ್ಟ್ ಮಾಡುವ ಕೆಲಸವನ್ನೇ ಅದು ಎಷ್ಟೋ ಪಟ್ಟು ಬೇಗ ಮಾಡುತ್ತದೆ. ಕಾಂಟಿಗ್‌ಗಳನ್ನು ಆರೂ ಚೌಕಟ್ಟಿನಲ್ಲಿ ಪ್ರೋಟೀನ್ ಆಗಿ ಓದಿ ಡೇಟಾಬೇಸ್ ಜೊತೆ ತಾಳೆ ನೋಡುತ್ತದೆ. ಎಲ್ಲ ಪ್ರೋಟೀನ್‌ಗಳಿರುವ ಎನ್‌ಆರ್ ಡೇಟಾಬೇಸ್ ತುಂಬಾ ದೊಡ್ಡದು, ಮನೆಯ ಕಂಪ್ಯೂಟರಿಗೆ ಭಾರ. ಅದಕ್ಕೆ ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ವೈರಸ್ ಪ್ರೋಟೀನ್‌ಗಳಷ್ಟೇ ಇರುವ ಸಣ್ಣ ಡೇಟಾಬೇಸ್. ಅಲ್ಲಿ ಏನಾದರೂ ಹೋಲಿಕೆ ತೋರಿಸಿದ ಕಾಂಟಿಗ್‌ಗಳನ್ನು ಮಾತ್ರ ಎರಡನೇ ಸುತ್ತಿನಲ್ಲಿ ಎನ್‌ಆರ್ ಜೊತೆ ನೋಡಿ. ಕೆಲವೇ ಇದ್ದರೆ ಬ್ರೌಸರಿನಲ್ಲೇ ಆಗುತ್ತದೆ.

ಎರಡನೇ ಸುತ್ತನ್ನು ದಯವಿಟ್ಟು ಬಿಡಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಡೇಟಾಬೇಸಿನಲ್ಲಿ ವೈರಸ್ ಮಾತ್ರ ಇದ್ದರೆ ಪ್ರತಿ ಉತ್ತರವೂ ವೈರಸ್ ಎಂದೇ ಬರುತ್ತದೆ. ಏಡಿ ಪೊರೆ ಕಳಚುವಾಗ ಹಳೆಯ ಚಿಪ್ಪನ್ನು ಕರಗಿಸಲು ಕೈಟಿನೇಸ್ ಎಂಬ ಕಿಣ್ವ ಬಳಸುತ್ತದೆ. ಕೀಟಗಳ ಬ್ಯಾಕುಲೋವೈರಸ್‌ಗಳಲ್ಲೂ ಕೈಟಿನೇಸ್ ಜೀನ್ ಇದೆ. ಹಾಗಾಗಿ ಆರೋಗ್ಯವಂತ ಏಡಿಯ ಡೇಟಾದಲ್ಲೂ ಮೊದಲ ಸುತ್ತು ಬ್ಯಾಕುಲೋವೈರಸ್ ಸಿಕ್ಕಿತು ಎಂದು ಹೇಳುತ್ತದೆ. ಎಚ್‌ಎಸ್‌ಪಿ70 ಎಂಬ ಪ್ರೋಟೀನ್ ಪ್ರತಿ ಪ್ರಾಣಿಯಲ್ಲೂ ಇದೆ. ಅದನ್ನು ಹೋಲುವ ಪ್ರೋಟೀನ್ ಗಿಡಗಳ ಕ್ಲೋಸ್ಟರೋವೈರಸ್‌ನಲ್ಲೂ ಇದೆ. ಸೀಗಡಿಯಲ್ಲಿ ಗಿಡದ ವೈರಸ್ ಎಂದು ಸಂಭ್ರಮಪಡುವ ಮೊದಲು ಇದು ನೆನಪಿರಲಿ. ಯುಬಿಕ್ವಿಟಿನ್, ಕೈನೇಸ್, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇವೂ ಹೀಗೇ ದಾರಿ ತಪ್ಪಿಸುತ್ತವೆ. ಫೈಎಕ್ಸ್174 ಸಿಕ್ಕರೆ ಅದೂ ನಿಮ್ಮದಲ್ಲ. ಯಂತ್ರದ ಓಟ ಸರಿಯಿದೆಯಾ ಎಂದು ನೋಡಲು ಬೇಕೆಂದೇ ಬೆರೆಸುವ 5,386 ಬೇಸ್‌ನ ಬ್ಯಾಕ್ಟೀರಿಯಾ ವೈರಸ್ ಅದು.

ಪಟ್ಟಿಯಲ್ಲಿ ಆರ್‌ಡಿಆರ್‌ಪಿ, ಕ್ಯಾಪ್ಸಿಡ್ (ವೈರಸ್‌ನ ಹೊದಿಕೆ ಪ್ರೋಟೀನ್), ಪಾಲಿಪ್ರೋಟೀನ್, ಗ್ಲೈಕೋಪ್ರೋಟೀನ್ ಎಂಬ ಪದಗಳಿರುವ ಸಾಲುಗಳನ್ನು ಮೊದಲು ನೋಡಿ. ಬಂಧುವಿನ ಹೆಸರು ವೆನ್‌ಜೌ ಅಥವಾ ಬೈಹೈ ಎಂದು ಶುರುವಾದರೆ ಆಶ್ಚರ್ಯವಿಲ್ಲ. 2016ರ ಆ ದೊಡ್ಡ ಅಧ್ಯಯನದ ವೈರಸ್‌ಗಳಲ್ಲಿ ಎಷ್ಟೋ ಮಾದರಿ ಸಿಕ್ಕ ಊರಿನ ಹೆಸರನ್ನೇ ಹೊತ್ತಿವೆ.

ಒಂದು ಕಾಂಟಿಗ್ ಅನ್ನು ಹತ್ತಿರದಿಂದ ನೋಡೋಣ

ಆಂಫಿಪಾಡ್ ಒಂದರ ಡೇಟಾದಲ್ಲಿ 9,300 ಬೇಸ್ ಉದ್ದದ ಕಾಂಟಿಗ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಡೈಮಂಡ್ ಹೇಳುತ್ತಿದೆ: ಡೈಸಿಸ್ಟ್ರೋವೈರಸ್‌ಗೆ ಹೋಲಿಕೆ, 620 ಅಮೈನೋ ಆಮ್ಲಗಳ ಉದ್ದಕ್ಕೆ 34% ಸಾಮ್ಯ. ಇ-ವ್ಯಾಲ್ಯೂ ಎಷ್ಟು ಸಣ್ಣದು ಅಂದರೆ ಕಾಕತಾಳೀಯ ಅನ್ನುವಂತಿಲ್ಲ.

ಮೊದಲ ಕೆಲಸ, ಓಆರ್‌ಎಫ್ ಫೈಂಡರ್‌ಗೆ ಹಾಕಿ. ಎಲ್ಲೂ ನಿಲ್ಲದೆ ಓದಬಹುದಾದ ಉದ್ದ ಭಾಗಗಳನ್ನು, ಅಂದರೆ ಓಆರ್‌ಎಫ್‌ಗಳನ್ನು, ಅದು ತೋರಿಸುತ್ತದೆ. ಡೈಸಿಸ್ಟ್ರೋ ಅಂದರೆ ಎರಡು ಜೀನ್ ಘಟಕ ಎಂದೇ ಅರ್ಥ. ಹಾಗಾಗಿ ಎರಡು ದೊಡ್ಡ ಓಆರ್‌ಎಫ್ ಕಾಣಬೇಕು. 700ನೇ ಬೇಸ್‌ನಿಂದ 6,000ದವರೆಗೆ ಒಂದು, ಅಂದರೆ ಸುಮಾರು 1,770 ಅಮೈನೋ ಆಮ್ಲ. 6,200ರಿಂದ 8,900ರವರೆಗೆ ಇನ್ನೊಂದು, ಸುಮಾರು 900. ನಡುವೆ ಚಿಕ್ಕ ಖಾಲಿ ಜಾಗ. ಈ ಲೆಕ್ಕ ಹೊಂದುತ್ತದೆ. ಎರಡನೇ ಓಆರ್‌ಎಫ್‌ಗೆ ಮಾಮೂಲಿ ಆರಂಭದ ಎಯುಜಿ ಕೋಡಾನ್ ಸಿಗದಿದ್ದರೆ ಗಾಬರಿ ಬೇಡ. ಈ ಕುಟುಂಬದಲ್ಲಿ ಆ ಖಾಲಿ ಜಾಗದ ಮಡಿಕೆಯೇ ರೈಬೋಸೋಮನ್ನು ಹಿಡಿದು ಕೂರಿಸುತ್ತದೆ, ಎಯುಜಿ ಬೇಕಾಗುವುದಿಲ್ಲ. ಎಲ್ಲವೂ ತಲೆಕೆಳಗಾಗಿ ಕಂಡರೆ ಕಾಂಟಿಗ್ ಹಿಮ್ಮುಖವಾಗಿ ಜೋಡಣೆಯಾಗಿದೆ ಅಷ್ಟೆ. ತಿರುಗಿಸಿ ನೋಡಿ.

ಎರಡನೇ ಕೆಲಸ, ಮೊದಲ ಓಆರ್‌ಎಫ್ ಅನ್ನು ಇಂಟರ್‌ಪ್ರೋಸ್ಕ್ಯಾನ್‌ಗೆ ಕೊಡಿ. ಹೆಲಿಕೇಸ್, ಪ್ರೋಟಿಯೇಸ್, ಕೊನೆಗೆ ಆರ್‌ಡಿಆರ್‌ಪಿ, ಇದೇ ಕ್ರಮದಲ್ಲಿ ಬರಬೇಕು. ಎರಡನೆಯದರಲ್ಲಿ ಕ್ಯಾಪ್ಸಿಡ್. ಆಮೇಲೆ ಕಣ್ಣಾರೆ ನೋಡಿ. ಆರ್‌ಡಿಆರ್‌ಪಿ ಭಾಗದಲ್ಲಿ ವೈ-ಜಿ-ಡಿ-ಡಿ ಎಂಬ ನಾಲ್ಕು ಅಕ್ಷರ ಹುಡುಕಿ. ಕಿಣ್ವ ಕೆಲಸ ಮಾಡುವ ಜಾಗದ ಗುರುತು ಅದು. ನಿಡೋವೈರಸ್ (ಹಳದಿ ತಲೆ ವೈರಸ್‌ನ ಬಳಗ) ಆದರೆ ಅಲ್ಲಿ ಎಸ್-ಡಿ-ಡಿ ಇರುತ್ತದೆ, ರಾಬ್ಡೋವೈರಸ್ ಬಳಗದಲ್ಲಿ ಜಿ-ಡಿ-ಎನ್. ಈ ಅಕ್ಷರಗಳು ಇರಬೇಕಾದ ಜಾಗದಲ್ಲೇ ಸಿಕ್ಕಾಗ ಆಗುವ ಖುಷಿಯೇ ಬೇರೆ. ಯಾರೂ ನೋಡಿರದ ಒಂದು ಯಂತ್ರದ ಹಲ್ಲುಗಾಲಿ ಕೈಗೆ ತಗುಲಿದ ಹಾಗೆ.

ಮೂರನೆಯದು, ರೀಡ್‌ಗಳನ್ನು ಮತ್ತೆ ಇದೇ ಕಾಂಟಿಗ್ ಮೇಲೆ ಹರಡುವುದು. ಬೌಟೈ2 ಆ ಕೆಲಸ ಮಾಡುತ್ತದೆ, ಐಜಿವಿ ಚಿತ್ರವಾಗಿ ತೋರಿಸುತ್ತದೆ. ತುದಿಯಿಂದ ತುದಿಗೆ ರೀಡ್‌ಗಳು ಹಾಸಿಕೊಂಡಿರಬೇಕು. ಪಾಲಿ-ಎ ಡೇಟಾದಲ್ಲಿ ಬಾಲದ ಕಡೆ ದಪ್ಪ, ಆರಂಭದ ಕಡೆ ತೆಳು ಇದ್ದರೆ ಅದು ಸಹಜ. ಆದರೆ ಮಧ್ಯದಲ್ಲಿ ಒಂದು ಕಡೆ ರೀಡ್‌ಗಳು ಪೂರ್ತಿ ಕಡಿದು ಹೋಗಿ, ಒಂದೇ ಒಂದು ಜೋಡಿ ರೀಡ್ ಕೂಡ ಆ ಜಾಗವನ್ನು ದಾಟದಿದ್ದರೆ ಎರಡು ಬೇರೆ ಬೇರೆ ತುಣುಕುಗಳನ್ನು ಸಾಫ್ಟ್‌ವೇರ್ ತಪ್ಪಾಗಿ ಅಂಟಿಸಿದೆ ಎಂದರ್ಥ. ಅಲ್ಲಿ ಕತ್ತರಿಸಿ. ಇಡೀ ಕಾಂಟಿಗ್‌ಗೆ ಹತ್ತಿಪ್ಪತ್ತು ರೀಡ್ ಮಾತ್ರ ಇದ್ದರೆ ಅದೇ ಯಂತ್ರದಲ್ಲಿ ಓಡಿದ ಬೇರೆ ಮಾದರಿಯಿಂದ ಸೋರಿ ಬಂದಿರಬಹುದು. ಒಂದೇ ಪ್ರಾಜೆಕ್ಟಿನ ಉಳಿದ ಮಾದರಿಗಳಲ್ಲಿ ಅದೇ ವೈರಸ್ ರಾಶಿ ರಾಶಿ ಇದೆಯಾ ನೋಡಿ. ಇದ್ದರೆ ಅದರ ನಿಜವಾದ ಮನೆ ಅಲ್ಲಿ.

ವೈರಸ್ಸೇ, ಅಥವಾ ಹಳೆಯ ಕಾಲದ ಉಳಿಕೆಯೇ?

ಕೆಲವು ವೈರಸ್‌ಗಳ ತುಣುಕು ಲಕ್ಷಾಂತರ ವರ್ಷಗಳ ಹಿಂದೆ ಪ್ರಾಣಿಯ ಜೀನೋಮಿನೊಳಗೆ ಸೇರಿ, ಅಲ್ಲೇ ತಲೆಮಾರಿನಿಂದ ತಲೆಮಾರಿಗೆ ಬಂದಿರುತ್ತದೆ. ಕ್ರಸ್ಟೇಶಿಯನ್‌ಗಳಲ್ಲಿ ಇದು ದೊಡ್ಡ ವಿಷಯ. ಐಎಚ್‌ಎಚ್‌ಎನ್‌ವಿ ಎಂಬ ಸೀಗಡಿ ವೈರಸ್‌ನ ಹೋಲಿಕೆಯ ತುಣುಕುಗಳು ಟೈಗರ್ ಸೀಗಡಿಯ ಜೀನೋಮಿನಲ್ಲೇ ಇವೆ. ಸೋಂಕಿಲ್ಲದ ಸೀಗಡಿಯಲ್ಲೂ ಪಿಸಿಆರ್ ಪರೀಕ್ಷೆ ಸೋಂಕಿದೆ ಎಂದು ತೋರಿಸಿ ಇದು ಗೊಂದಲ ಎಬ್ಬಿಸಿತ್ತು. ಬಿಳಿಚುಕ್ಕೆ ವೈರಸ್‌ನ ಬಂಧುಗಳೂ ಹಲವು ಕ್ರಸ್ಟೇಶಿಯನ್ ಜೀನೋಮ್‌ಗಳಲ್ಲಿ ಹುದುಗಿರುವುದನ್ನು 2019ರ ಇನ್ನೊಂದು ಅಧ್ಯಯನ ತೋರಿಸಿತು. 

ಪತ್ತೆ ಮಾಡಲು ಹೀಗೆ ಮಾಡಿ. ನಿಮ್ಮ ಸೀಕ್ವೆನ್ಸನ್ನು ಅದೇ ಪ್ರಭೇದದ ಅಥವಾ ಹತ್ತಿರದ ಪ್ರಭೇದದ ಡಿಎನ್‌ಎ ಜೀನೋಮ್ ಜೊತೆ ಬ್ಲಾಸ್ಟ್ ಮಾಡಿ. ಆರ್‌ಎನ್‌ಎ ವೈರಸ್ ಡಿಎನ್‌ಎ ಡೇಟಾದಲ್ಲಿ ಇರಬಾರದು. ಇದ್ದರೆ ಅದು ಉಳಿಕೆ. ಓಆರ್‌ಎಫ್ ನಡುವೆ ನಿಲುಗಡೆ ಕೋಡಾನ್‌ಗಳಿದ್ದರೆ, ಕಾಂಟಿಗ್‌ನ ಒಂದು ತುದಿ ಪ್ರಾಣಿಯ ಜೀನ್‌ಗೆ ಅಂಟಿಕೊಂಡಿದ್ದರೆ, ಎಲ್ಲ ಮಾದರಿಗಳಲ್ಲೂ ಒಂದೇ ಪ್ರಮಾಣದಲ್ಲಿ ಇದ್ದರೆ, ಆಗಲೂ ಅನುಮಾನಿಸಿ. ನಿಜವಾದ ಸೋಂಕು ಹಾಗಿರುವುದಿಲ್ಲ. ಒಂದು ಪ್ರಾಣಿಯಲ್ಲಿ ತುಂಬಿ ತುಳುಕುತ್ತಿರುತ್ತದೆ, ಪಕ್ಕದ್ದರಲ್ಲಿ ಒಂದು ರೀಡೂ ಇರುವುದಿಲ್ಲ.

ಯಾರ ವೈರಸ್?

ನನ್ನ ಪ್ರಕಾರ ಇಡೀ ಕೆಲಸದ ಅತಿ ಕಷ್ಟದ ಪ್ರಶ್ನೆ ಇದು. ಸೀಗಡಿಯ ಮಾದರಿಯಲ್ಲಿ ಸಿಕ್ಕಿದ್ದೆಲ್ಲ ಸೀಗಡಿಯ ವೈರಸ್ ಅಲ್ಲ. ಹೊಟ್ಟೆಯಲ್ಲಿದ್ದ ಹುಳುವಿನದ್ದಿರಬಹುದು, ಪರಾವಲಂಬಿ ಮೈಕ್ರೋಸ್ಪೋರಿಡಿಯಾದ್ದಿರಬಹುದು, ಚಿಪ್ಪಿನ ಮೇಲಿನ ಶಿಲೀಂಧ್ರದ್ದಿರಬಹುದು.

ಮೊದಲು ಆ ಮಾದರಿಯಲ್ಲಿ ಇನ್ಯಾರಿದ್ದರು ಎಂದು ತಿಳಿಯಿರಿ. ಎಸ್‌ಆರ್‌ಎ ಪುಟದಲ್ಲೇ ವಿಶ್ಲೇಷಣೆ ಎಂಬ ಭಾಗದಲ್ಲಿ ರೀಡ್‌ಗಳು ಯಾವ ಯಾವ ಜೀವಿಗೆ ಹೋಲುತ್ತವೆ ಎಂಬ ಅಂದಾಜು ಸಿಗುತ್ತದೆ. ಕಾಂಟಿಗ್‌ಗಳಲ್ಲಿ ಪ್ರಭೇದ ಗುರುತಿಸಲು ಬಳಸುವ ರೈಬೋಸೋಮಿನ ಜೀನ್ ಮತ್ತು ಸಿಒಐ ಜೀನ್ ಹುಡುಕಿದರೆ ಇನ್ನೂ ಸ್ಪಷ್ಟ.

ಆಮೇಲೆ ಪ್ರಮಾಣ. ಒಟ್ಟು ರೀಡ್‌ಗಳಲ್ಲಿ 0.1%ಗಿಂತ ಹೆಚ್ಚು ಒಂದೇ ವೈರಸ್‌ನದ್ದಾಗಿದ್ದು, ಉಳಿದ ರೀಡ್‌ಗಳೆಲ್ಲ ಬಹುಪಾಲು ಸೀಗಡಿಯವೇ ಆಗಿದ್ದರೆ, ಅಷ್ಟೊಂದು ವೈರಸ್ ಹೊಟ್ಟೆಯ ತುತ್ತಿನಿಂದ ಬಂದಿರುವ ಸಾಧ್ಯತೆ ಕಡಿಮೆ. ಇದು ಕೈ ಅಂದಾಜು, ಕಟ್ಟುನಿಟ್ಟಿನ ನಿಯಮವಲ್ಲ. ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ವರ್ಷ ಹಿಡಿದ ಅದೇ ಪ್ರಭೇದದಲ್ಲಿ ಮತ್ತೆ ಮತ್ತೆ ಸಿಕ್ಕರೆ ನಂಬಿಕೆ ಹೆಚ್ಚುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಣ್ಣ ಆರ್‌ಎನ್‌ಎಗಳದ್ದು. ಸೀಗಡಿಯ ಜೀವಕೋಶ ವೈರಸ್‌ನ ಆರ್‌ಎನ್‌ಎಯನ್ನು ಕಂಡರೆ ಡೈಸರ್ ಎಂಬ ಕಿಣ್ವದಿಂದ ಅದನ್ನು ಒಂದೇ ಅಳತೆಯಲ್ಲಿ, ಸುಮಾರು 21-22 ಬೇಸ್‌ಗಳಂತೆ, ಕೊಚ್ಚಿ ಹಾಕುತ್ತದೆ. ಅದೇ ಪ್ರಭೇದದ ಸಣ್ಣ ಆರ್‌ಎನ್‌ಎ ಡೇಟಾ ಭಂಡಾರದಲ್ಲಿ ಇದ್ದರೆ ಇಳಿಸಿ, ನಿಮ್ಮ ವೈರಸ್ ಮೇಲೆ ಹರಡಿ, ಉದ್ದದ ನಕ್ಷೆ ಮಾಡಿ. ಆ ಅಳತೆಯಲ್ಲಿ ಚೂಪಾದ ಗೋಪುರ ಎದ್ದು, ಎರಡೂ ಎಳೆಗಳಿಂದ ರೀಡ್‌ಗಳು ಬಂದಿದ್ದರೆ, ಆ ಪ್ರಾಣಿಯ ಜೀವಕೋಶವೇ ಈ ವೈರಸ್ ಜೊತೆ ಹೋರಾಡಿದೆ ಎಂದು ಹೇಳುವ ಧೈರ್ಯ ಮಾಡಬಹುದು. ಗೋಪುರವಿಲ್ಲದೆ ಎಲ್ಲ ಉದ್ದವೂ ಸಮಸಮ ಇದ್ದರೆ ಅವು ಸುಮ್ನೆ ಒಡೆದು ಹೋದ ಚೂರುಗಳು.

ಹೊಸದೇ?

ಆರ್‌ಡಿಆರ್‌ಪಿಯನ್ನು ಎನ್‌ಆರ್ ಜೊತೆ ಇನ್ನೊಮ್ಮೆ ಹೋಲಿಸಿ. ಎಷ್ಟೋ ಅಧ್ಯಯನಗಳು 90% ಅಮೈನೋ ಆಮ್ಲ ಸಾಮ್ಯಕ್ಕಿಂತ ಕಡಿಮೆ ಇದ್ದರೆ ಹೊಸದು ಎನ್ನುತ್ತವೆ. ಆದರೆ ಅಧಿಕೃತ ಗಡಿ ಗುಂಪಿನಿಂದ ಗುಂಪಿಗೆ ಬೇರೆ. ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ ಐಸಿಟಿವಿಯ ತಾಣದಲ್ಲಿ ನಿಮ್ಮ ಗುಂಪಿನ ನಿಯಮ ಓದಿ. ಪಾಮ್‌ಐಡಿ ಎಂಬ ಜಾಲ ಸಾಧನಕ್ಕೂ ಕೊಟ್ಟು ನೋಡಿ. ಸೆರಾಟಸ್ ಅದನ್ನು ಆಗಲೇ ಎಲ್ಲೆಲ್ಲಿ ಕಂಡಿದೆ ಎಂದು ಅದು ಹೇಳುತ್ತದೆ. ಅಲ್ಲಿ ಕಂಡರೆ ಬೇಜಾರಾಗಬೇಡಿ. ನಿಮ್ಮ ವೈರಸ್ ಇರುವ ಇನ್ನಷ್ಟು ಡೇಟಾ ಕಡತಗಳ ವಿಳಾಸ ಬಿಟ್ಟಿ ಸಿಕ್ಕಿತು.

ನಂತರ ವಂಶವೃಕ್ಷ. ಬಂಧುಗಳ ಆರ್‌ಡಿಆರ್‌ಪಿಗಳನ್ನು ಸೇರಿಸಿ ಮ್ಯಾಫ್ಟ್‌ನಲ್ಲಿ ಸಾಲು ಹೊಂದಿಸಿ, ಟ್ರಿಮ್‌ಎಎಲ್‌ನಲ್ಲಿ ಅಂಚು ಕತ್ತರಿಸಿ, ಐಕ್ಯೂ-ಟ್ರೀಯಲ್ಲಿ ಮರ ಕಟ್ಟಿ. ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ (ಕೊಂಬೆ ಎಷ್ಟು ಗಟ್ಟಿ ಎಂದು ಮತ್ತೆ ಮತ್ತೆ ಪರೀಕ್ಷಿಸುವ ಲೆಕ್ಕ) 1,000 ಇರಲಿ. 95 ಅಥವಾ ಅದಕ್ಕಿಂತ ಹೆಚ್ಚು ಬಂದ ಕೊಂಬೆಗಳನ್ನು ಮಾತ್ರ ನಂಬಿ. ಬಂಧುಗಳನ್ನು ಆರಿಸುವಾಗ ಸೀಗಡಿ, ಏಡಿ ವೈರಸ್‌ಗಳನ್ನಷ್ಟೇ ತರಬೇಡಿ. ಶಿಲೀಂಧ್ರ, ಗಿಡ, ಕೀಟಗಳ ವೈರಸ್‌ಗಳೂ ಇರಲಿ. ನಿಮ್ಮ ವೈರಸ್ ಶಿಲೀಂಧ್ರ ವೈರಸ್‌ಗಳ ಮಧ್ಯೆ ಹೋಗಿ ಕೂತರೆ, ಯಾರ ವೈರಸ್ ಎಂಬ ಪ್ರಶ್ನೆಗೆ ಮರವೇ ಉತ್ತರ ಕೊಟ್ಟ ಹಾಗೆ.

ಹೆಸರಿಟ್ಟು, ಒಪ್ಪಿಸಿ, ಪತ್ರ ಬರೆಯಿರಿ

ವೈರಸ್‌ಗೆ ಹೆಸರು ನೀವೇ ಇಡಬಹುದು. ಪ್ರಭೇದದ ಎರಡು ಪದಗಳ ಅಧಿಕೃತ ಹೆಸರನ್ನು ಒಪ್ಪುವುದು ಮಾತ್ರ ಐಸಿಟಿವಿ. ಸೀಕ್ವೆನ್ಸ್ ಒಂದೇ ಇದ್ದರೂ ವರ್ಗೀಕರಣಕ್ಕೆ ಸೇರಿಸಬಹುದು ಎಂಬ ದಾರಿ 2017ರಿಂದ ತೆರೆದಿದೆ. ಯಾರ ವೈರಸ್ ಎಂದು ಖಚಿತವಿಲ್ಲದಿದ್ದರೆ ಹೆಸರಿನಲ್ಲೇ ಸೀಗಡಿ ಎಂದು ಹಾಕಬೇಡಿ. ಸೀಗಡಿ ಮಾದರಿಯ ಜೊತೆ ಸಿಕ್ಕಿದ್ದು ಎಂದಷ್ಟೇ ಬರೆಯಿರಿ. ತಪ್ಪು ಹೆಸರು ಒಮ್ಮೆ ಡೇಟಾಬೇಸ್ ಸೇರಿದರೆ ಮುಂದೆ ಬರುವವರೆಲ್ಲ ಅದನ್ನೇ ನಂಬುತ್ತಾರೆ.

ಬೇರೆಯವರ ರೀಡ್‌ಗಳಿಂದ ಜೋಡಿಸಿದ ಜೀನೋಮನ್ನು ಎನ್‌ಸಿಬಿಐನ ಸೀಕ್ವೆನ್ಸ್ ಭಂಡಾರವಾದ ಜೆನ್‌ಬ್ಯಾಂಕ್‌ಗೆ ಕೊಡಲು ಟಿಪಿಎ ಎಂಬ ಪ್ರತ್ಯೇಕ ವಿಭಾಗ ಇದೆ. ಯಾವ ಯಾವ ಕಡತದಿಂದ ಜೋಡಿಸಿದಿರಿ ಎಂದು ಅಲ್ಲಿ ನಮೂದಿಸಬೇಕು.

ಗೊತ್ತಿರುವ ರೋಗದ ವೈರಸ್ಸೇ ಸಿಕ್ಕರೆ ಇನ್ನೂ ಹುಷಾರಾಗಿರಿ. ಬಿಳಿಚುಕ್ಕೆ, ಟೌರಾ, ಹಳದಿ ತಲೆ ಇವೆಲ್ಲ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ ರೋಗಗಳು. ಹಳೆಯ ಡೇಟಾದಲ್ಲಿ ನಾಲ್ಕು ರೀಡ್ ಕಂಡಿತು ಎಂದು ಇಂಥ ಕಡೆ ರೋಗ ಇದೆ ಎಂದು ಸಾರಿದರೆ ಸಾಕಣೆಯವರ ಬದುಕಿಗೇ ಪೆಟ್ಟು ಬೀಳಬಹುದು. ಆ ಮಾದರಿಗೆ ಬೇಕೆಂದೇ ಸೋಂಕು ತಗುಲಿಸಿರಬಹುದು. ಮಾದರಿಯ ವಿವರ ಪೂರ್ತಿ ಓದಿ.

ಆಮೇಲೆ ಡೇಟಾ ಕೊಟ್ಟವರಿಗೆ ಒಂದು ಪತ್ರ ಬರೆಯಿರಿ. ನಿಮ್ಮ ಮಾದರಿಯಲ್ಲಿ ಇದು ಕಂಡಿತು, ಪ್ರಾಣಿಗಳು ಆಗ ಹೇಗಿದ್ದವು, ಸಾಯುತ್ತಿದ್ದವೇ, ಮಾದರಿ ಇನ್ನೂ ಉಳಿದಿದೆಯೇ ಎಂದು ಕೇಳಿ. ಅವರ ಪ್ರಬಂಧ ಇನ್ನೂ ಬಂದಿರದಿದ್ದರೆ ಪ್ರಕಟಿಸುವ ಮೊದಲೇ ಕೇಳುವುದು ಮರ್ಯಾದೆ. ಪತ್ರದ ಜೊತೆ ಪ್ರೈಮರ್‌ಗಳ (ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳ) ವಿನ್ಯಾಸವನ್ನೂ ಕಳಿಸಿ. ಒಂದು ಜೋಡಿ ಆರ್‌ಡಿಆರ್‌ಪಿ ಒಳಗೆ, ರೀಡ್‌ಗಳು ದಟ್ಟವಾಗಿರುವ ಕಡೆ, 300ರಿಂದ 500 ಬೇಸ್ ದೂರದಲ್ಲಿರಲಿ. ಇನ್ನೊಂದು ಜೋಡಿ, ಜೋಡಣೆಯ ಬಗ್ಗೆ ನಿಮಗೆ ಅತಿ ಹೆಚ್ಚು ಅನುಮಾನ ಇರುವ ಜಾಗವನ್ನು ದಾಟಿ ಹೋಗಲಿ. ಅವರ ಫ್ರೀಜರ್‌ನಲ್ಲಿ ಆ ಕಿವಿರಿನ ಚೂರು ಇನ್ನೂ ಇದ್ದರೆ, ಒಂದು ಆರ್‌ಟಿ-ಪಿಸಿಆರ್ (ಆರ್‌ಎನ್‌ಎ ಇದೆಯಾ ಎಂದು ನೋಡುವ ಪಿಸಿಆರ್) ಸಾಕು, ಉತ್ತರ ಗೊತ್ತಾಗುತ್ತದೆ.